ನಿಲ್ಲುವ ನೀರು, ಓಡುವ ನೀರು, ಏಳುವ ನೀರು

ಗೋವಾದ ವಾಸ್ಕೋದಲ್ಲಿ ಕನ್ನಡಿಗರು ಸೇರುವ ಭಾನುವಾರದ ಕೂಟವೊಂದರಲ್ಲಿ, ಕಡಿಮೆ ನೀರಿನಲ್ಲಿ ಓಡುವ ಟನಲ್ ದೋಣಿಯ ಬಗ್ಗೆ ಆಡಿದ ಮಾತುಗಳನ್ನು ಆಮೇಲೆ ಕುಳಿತು ಬರೆದದ್ದು ಇದು. ಅಂದು ಕೈಯಾಡಿಸಿ ತೋರಿಸಿದ್ದನ್ನು ಇಲ್ಲಿ ಅಕ್ಷರದಲ್ಲಿ ತೋರಿಸಬೇಕಾಗಿ ಬಂದಿದ್ದರಿಂದ ಕೆಲವೆಡೆ ಮಾತು ಉದ್ದವಾಗಿದೆ. ಚಹಾ ಬಂದ ಹೊತ್ತಿನಲ್ಲಿ ಆಡಿದ್ದು ಮಾತ್ರ ಮೊಟಕಾಗಿದೆ.

ಎಲ್ಲರಿಗೂ ನಮಸ್ಕಾರ.

ಈ ಬಿದಿರಿನ ಗಳವನ್ನು ಹೊತ್ತು ಒಳಗೆ ಬರುವಾಗ ಬಾಗಿಲ ಬಳಿ ಕುಳಿತಿದ್ದ ಅಜ್ಜಿ, "ಏನು ತಮ್ಮಾ, ಮಾವಿನಕಾಯಿ ಕೊಯ್ಯಲು ಹೊರಟೆಯಾ?" ಎಂದು ಕೇಳಿದರು. ಇಲ್ಲ ಅಜ್ಜಿ, ಇವತ್ತಿನ ನನ್ನ ಉಪನ್ಯಾಸವೆಲ್ಲ ಈ ಗಳದ ಮೇಲೆಯೇ ಇದೆ. ಕೆಳತುದಿಯಿಂದ 25 ಸೆಂಟಿಮೀಟರ್ ಮೇಲೆ ಒಂದು ಬಿಳಿ ಪಟ್ಟಿ, 40ರಲ್ಲಿ ಹಳದಿ, 70ರಲ್ಲಿ ಕೆಂಪು. ಮಾಂಡೋವಿ ನದಿಯ ದ್ವೀಪವೊಂದರ ದೋಣಿಯವರಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದೇನೆ, ನಾಳೆ ಬೆಳಿಗ್ಗೆ ವಾಪಸು ಕೊಡಬೇಕು.

ನಾನು ಕುಮಟಾದ ಕಡೆಯವನು. ಅಘನಾಶಿನಿಯ ಹಿನ್ನೀರಿನಲ್ಲಿ, ಗಜನಿ ಗದ್ದೆಗಳ ಬದುವಿನ ಮೇಲೆ ಬೆಳೆದೆ. ಇಲ್ಲಿಗೆ ಬಂದಾಗ ಖಾಜನ್ ಎಂಬ ಹೆಸರಿನಲ್ಲಿ ಅದೇ ಗದ್ದೆ, ಅದೇ ಉಪ್ಪುನೀರಿನ ತೂಬು, ಅದೇ ಕಾಂಡ್ಲ (ಮ್ಯಾಂಗ್ರೋವ್) ಕಾಡು ಕಂಡು ಊರಿಗೇ ಬಂದೆನೇನೋ ಅನಿಸಿತ್ತು. ನೀರೂ ನಮ್ಮದೇ ಅನ್ನಿ: ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿ. (ಈ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ಆ ವಿಷಯ ಇವತ್ತು ಬೇಡ ಎಂದು ಮುಂದೆ ಹೋದೆ.) ಫೈಬರ್ ದೋಣಿಗಳ ರಿಪೇರಿ ನನ್ನ ಕಸುಬು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ದೋಣಿಗಳೆಲ್ಲ ದಡ ಹತ್ತುತ್ತವೆ, ನಮಗೆ ಉಸಿರಾಡಲು ಬಿಡುವಿರುವುದಿಲ್ಲ.

ಅಂಥದೊಂದು ಮಳೆಗಾಲದಲ್ಲಿ ದ್ವೀಪದ ದೋಣಿ ಯಜಮಾನರೊಬ್ಬರು ಬಂದರು. ಗೋವಾದಲ್ಲಿ ಯಜಮಾನನನ್ನು ಪಾತ್ರಾಂವ್ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಚಳಿಗಾಲದಲ್ಲಿ ಹಕ್ಕಿ ನೋಡಲು ಬರುವವರನ್ನು ಕಾಂಡ್ಲದ ಕವಲುಗಳಿಗೆ ಕರೆದೊಯ್ಯುವುದು ಅವರ ಜೀವನ. 18 ಅಡಿಯ ದೋಣಿ, 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ಎಂದರೆ ದೋಣಿಯ ಹಿಂತುದಿಗೆ ಹೊರಗಿನಿಂದ ನೇತುಹಾಕುವಂಥದ್ದು. ಅದರ ಕಾಲು ನೀರಿಗೆ ಇಳಿಬಿದ್ದಿರುತ್ತದೆ, ಕಾಲಿನ ತುದಿಯಲ್ಲಿ ಫ್ಯಾನು, ಎಂದರೆ ಪ್ರೊಪೆಲ್ಲರ್, ತಿರುಗುತ್ತದೆ.

"ಮೇಸ್ತ್ರಿ, ಇಳಿತದ ಹೊತ್ತಿನಲ್ಲಿ ಫ್ಯಾನು ಕೆಸರು ಕಚ್ಚುತ್ತದೆ. ತಳದಲ್ಲಿ ಟನಲ್ ಕೊರೆದುಬಿಡಿ" ಎಂದರು. ಯಾವುದೋ ವೀಡಿಯೊ ನೋಡಿದ್ದರು. ಅಮೆರಿಕದ ಉಪ್ಪುನೀರಿನ ಬಯಲುಗಳಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ, ದೋಣಿಯೊಂದು ಹಾರಿಕೊಂಡು ಹೋಗುತ್ತಿತ್ತು.

ನಾನು ಕೊರೆದುಬಿಟ್ಟೆ. ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಲಿಲ್ಲ. ಕಡಿಮೆ ನೀರು ಎಂದರೆ ಯಾವ ಕಡಿಮೆ ನೀರು? ದೋಣಿ ಎಂಜಿನ್ ಎತ್ತಿಕೊಂಡು ಸುಮ್ಮನೆ ನಿಲ್ಲಲು ಬೇಕಾದ ನೀರು ಒಂದು. ವೇಗ ಹಿಡಿದ ಮೇಲೆ ನೀರಿನ ಮೈಮೇಲೆ ಜಾರುತ್ತ ಓಡಲು ಬೇಕಾದ ನೀರು ಇನ್ನೊಂದು. ನಿಂತಲ್ಲಿಂದ ಎದ್ದು ಆ ವೇಗಕ್ಕೆ ಹೋಗಲು ಬೇಕಾದ ನೀರು ಮೂರನೆಯದು, ಮೂರರಲ್ಲಿ ಅದೇ ಹೆಚ್ಚು ಆಳದ್ದು. ಬಿಳಿ, ಹಳದಿ, ಕೆಂಪು. ವೀಡಿಯೊದಲ್ಲಿ ಯಾವಾಗಲೂ ಹಳದಿಯನ್ನೇ ತೋರಿಸುತ್ತಾರೆ.

ಟನಲ್ ದೋಣಿ ಎಂದರೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಹಿಂದಿನ ಸಾಲಿನಲ್ಲಿರುವ ಹುಡುಗರ ತಲೆಯಲ್ಲಿ ರೇಸಿನ ದೋಣಿ ಓಡುತ್ತಿದೆ. ರೇಸಿನ ದೋಣಿಗೆ ಎರಡು ಪಕ್ಕೆಗಳಿದ್ದು ನಡುವಿನ ಸುರಂಗಕ್ಕೆ ಗಾಳಿ ನುಗ್ಗುತ್ತದೆ, ಆ ಗಾಳಿ ದೋಣಿಯನ್ನು ಎತ್ತಿ ಹಿಡಿಯುತ್ತದೆ. ಹೆಸರು ಒಂದೇ ಆದರೂ ಜಾತಿ ಬೇರೆ. ನಮ್ಮದು ನೀರಿನ ಸುರಂಗ. ದೋಣಿಯ ತಳದ ನಟ್ಟನಡುವೆ, ಹಿಂಭಾಗದ ಒಂದೂವರೆ ಮೀಟರಿನಷ್ಟು ಉದ್ದಕ್ಕೆ, ಕವುಚಿದ ದೋಣಿಯಾಕಾರದ ಕಾಲುವೆ. ಮುಂದೆ ಆಳವಿಲ್ಲ, ಹಿಂದಕ್ಕೆ ಹೋದಂತೆ ಆಳವಾಗುತ್ತ ಹೋಗಿ ಹಿಂಗೋಡೆಯ ಹಲಗೆಯಲ್ಲಿ ಬಾಯಿ ತೆರೆಯುತ್ತದೆ. ಓಡುವಾಗ ನೀರು ಆ ಕಾಲುವೆ ಹಿಡಿದು ಮೇಲಕ್ಕೆ ಏರುತ್ತದೆ. ಏರಿದ ನೀರಿನಲ್ಲಿ ಫ್ಯಾನು ತಿರುಗುವುದರಿಂದ ಎಂಜಿನ್ನನ್ನೂ ಅಷ್ಟೇ ಎತ್ತರಕ್ಕೆ ಕೂರಿಸಬಹುದು. ಟನಲ್ ಎಂಬುದು ದೋಣಿಯನ್ನು ತೇಲಿಸುವುದಿಲ್ಲ. ಫ್ಯಾನಿಗೆ ಮೇಲಿನ ಮಹಡಿಯಲ್ಲಿ ನೀರು ಒದಗಿಸುತ್ತದೆ, ಅಷ್ಟೇ.

ಇದು ಹೊಸ ಬುದ್ಧಿಯೇನಲ್ಲ. 1915ರ ಹೊತ್ತಿಗೆ ಬ್ರಿಟಿಷರು ನದಿಯಲ್ಲಿ ಓಡಿಸಲು ಕಟ್ಟಿದ ಇನ್ಸೆಕ್ಟ್ ವರ್ಗದ ಗನ್‌ಬೋಟುಗಳು 72 ಮೀಟರ್ ಉದ್ದವಿದ್ದವು, 600 ಟನ್ನಿಗೂ ಮೀರಿದ ಭಾರ. ಆದರೂ ಸುಮಾರು 1.2 ಮೀಟರ್ ನೀರು ಸಾಕಾಗುತ್ತಿತ್ತು, ಏಕೆಂದರೆ ಅವುಗಳ ಫ್ಯಾನುಗಳು ತಳದ ಸುರಂಗಗಳಲ್ಲಿದ್ದವು. ಮೊದಲ ಮಹಾಯುದ್ಧದಲ್ಲಿ ಟೈಗ್ರಿಸ್ ನದಿಯಲ್ಲಿ ಕಾದಾಡಿದ ದೋಣಿಗಳು ಅವು. ವಿನ್ಯಾಸ ಮಾಡಿದವರು ಯಾರು ಎಂದು ಕೇಳಿದರೆ ಯಾರೋ ಎಂದೇ ಹೇಳಬೇಕು. ಹಾರಿಕೆಯ ಉತ್ತರವಲ್ಲ, ಆ ಕಂಪನಿಯ ಹೆಸರೇ ಯಾರೋ. ಕಂಪನಿಯನ್ನು ಕಟ್ಟಿದವನು ಆಲ್ಫ್ರೆಡ್ ಯಾರೋ ಎಂಬ ಇಂಗ್ಲಿಷಿನವನು. ನಿಂತ ನೀರಿನ ಮಟ್ಟಕ್ಕಿಂತ ಫ್ಯಾನಿನ ನೆತ್ತಿ ಮೇಲಿದ್ದರೂ ಚಿಂತೆಯಿಲ್ಲ, ತಿರುಗಲು ಶುರುವಾದ ಕೂಡಲೇ ಸುರಂಗದ ಗಾಳಿ ಹೊರಹೋಗಿ ನೀರು ತುಂಬಿಕೊಳ್ಳುತ್ತದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದಲ್ಲ. ನೀರು ತುಂಬುವುದಕ್ಕೂ ಷರತ್ತುಗಳಿವೆ ಎಂಬುದು ಗೊತ್ತಿರಲಿಲ್ಲ.

ನನ್ನ ಮೊದಲ ಟನಲ್ಲಿನ ಕಥೆ ಹೇಳುತ್ತೇನೆ. ಹಿಂಗೋಡೆಯಲ್ಲಿ 15 ಸೆಂಟಿಮೀಟರ್ ಆಳ, 36 ಅಗಲ, ಉದ್ದ ಬರೀ 60. ಉದ್ದ ಕಡಿಮೆ ಮಾಡಿದ್ದು ಸೋಮಾರಿತನದಿಂದ, ಮುಂದೆ ಹೋದರೆ ಆಸನದ ಪೆಟ್ಟಿಗೆ ಬಿಚ್ಚಬೇಕಾಗಿತ್ತು. ಎಂಜಿನ್ನನ್ನು 15 ಸೆಂಟಿಮೀಟರ್ ಮೇಲೆತ್ತಿ ಕೂರಿಸಿದೆವು. ಮಳೆ ಹೊಳವಾದ ಒಂದು ಬೆಳಿಗ್ಗೆ ನೀರಿಗಿಳಿಸಿದೆವು. ನಾನು, ಪಾತ್ರಾಂವ್, ಬಾಗಲಕೋಟೆಯ ನನ್ನ ಸಹಾಯಕ ಹುಡುಗ.

ಆ್ಯಕ್ಸಿಲರೇಟರ್ ತಿರುಗಿಸುತ್ತಲೇ ಎಂಜಿನ್ ಕಿರುಚಿತು. ದೋಣಿ ಮಾತ್ರ ಎಮ್ಮೆಯಂತೆ ಹಿಂಭಾಗ ಊರಿಕೊಂಡು, ಮೂತಿ ಆಕಾಶಕ್ಕೆ ಮಾಡಿ ತೆವಳಿತು.

"ಅಣ್ಣಾ, ಎಂಜಿನ್ ಓಡುತ್ತಿದೆ, ದೋಣಿ ಓಡುತ್ತಿಲ್ಲ" ಎಂದ ಹುಡುಗ.

ಈ ಒಂದು ವಾಕ್ಯದಲ್ಲಿ ಎರಡು ರೋಗಗಳಿವೆ. ಒಂದೊಂದಾಗಿ ನೋಡೋಣ.

ಕಿರುಚಾಟ ಮೊದಲು. ಇಲ್ಲಿರುವ ತಾಯಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಮಿಕ್ಸಿಯಲ್ಲಿ ಗಟ್ಟಿ ಚಟ್ನಿ ರುಬ್ಬುವಾಗ ಒಮ್ಮೊಮ್ಮೆ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಳ್ಳುತ್ತದೆ. ಸದ್ದು ತಟ್ಟನೆ ಏರುತ್ತದೆ, ಬ್ಲೇಡು ಗಿರಗಿರ ತಿರುಗುತ್ತದೆ, ಕಾಯಿ ಮಾತ್ರ ಇದ್ದಲ್ಲೇ ಇರುತ್ತದೆ. ನಿಲ್ಲಿಸಿ ಚಮಚದಲ್ಲಿ ಕೆದಕಿ ಚೂರು ನೀರು ಹಾಕುತ್ತೀರಿ. ಫ್ಯಾನಿಗೂ ಅದೇ ಆಗುವುದು. ಮೇಲಿನಿಂದ ಗಾಳಿ ಎಳೆದುಕೊಂಡರೆ ಅದಕ್ಕೆ ತಳ್ಳಲು ಗಟ್ಟಿ ನೀರು ಸಿಗುವುದಿಲ್ಲ. ಕಸುಬಿನವರು ಇದಕ್ಕೆ ಕ್ಯಾವಿಟೇಶನ್ ಎಂದುಬಿಡುತ್ತಾರೆ, ಅದು ತಪ್ಪು. ಕ್ಯಾವಿಟೇಶನ್ ಎಂದರೆ ಒತ್ತಡ ತೀರ ಇಳಿದು ನೀರೇ ತಣ್ಣಗೆ ಕುದಿದು ಆವಿಯ ಗುಳ್ಳೆ ಏಳುವುದು. ಗಾಳಿ ನುಗ್ಗುವುದಕ್ಕೆ ವೆಂಟಿಲೇಶನ್ ಎನ್ನಬೇಕು. ಎಂಜಿನ್ನಿನ ಕಾಲಿನಲ್ಲಿ ಫ್ಯಾನಿನ ಮೇಲಿರುವ ಚಪ್ಪಟೆ ತಗಡನ್ನು ಎಲ್ಲರೂ ಕ್ಯಾವಿಟೇಶನ್ ಪ್ಲೇಟ್ ಎನ್ನುತ್ತಾರೆ, ಅದು ತಡೆಯುವುದು ಗಾಳಿಯನ್ನು. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ ಎಂದು ಇದನ್ನು ಹೇಳುತ್ತಿದ್ದೇನೆ: ಗಾಳಿಯ ದಾರಿ ಮುಚ್ಚುವ ಬದಲು ಫ್ಯಾನು ಸರಿಯಿಲ್ಲವೆಂದು ಹೊಸದನ್ನು ಕೊಳ್ಳುತ್ತಾರೆ.

ನನ್ನ ಟನಲ್ಲಿಗೆ ಗಾಳಿ ಏಕೆ ಬಂತು? 60 ಸೆಂಟಿಮೀಟರಿನಲ್ಲಿ 15 ಏರಬೇಕು ಎಂದರೆ ನಾಲ್ಕಕ್ಕೆ ಒಂದು. ತೀರ ಕಡಿದು. ನೀರಿಗೆ ಆ ಚಾವಣಿ ಹಿಡಿದು ಏರಲು ಆಗಲಿಲ್ಲ. ನೇರವಾಗಿ ಹೊರಟುಹೋಯಿತು, ಬಿಟ್ಟುಹೋದ ಜಾಗಕ್ಕೆ ಹಿಂಬಾಗಿಲಿನಿಂದ ಗಾಳಿ ಬಂದು ಕುಳಿತಿತು.

ಎರಡನೆಯ ರೋಗ ಹಿಂಭಾಗ ಮುಳುಗುವುದು. ಇದಕ್ಕೆ ಎರಡು ಕಾರಣ. ಮೊದಲನೆಯದು ಬರೀ ಲೆಕ್ಕ. ಟನಲ್ ಕೊರೆದರೆ ಅಷ್ಟು ಜಾಗದಲ್ಲಿ ದೋಣಿ ಇಲ್ಲ, ನೀರು ಇದೆ. ಆ ಜಾಗ ಇನ್ನು ದೋಣಿಯನ್ನು ಹೊರುವುದಿಲ್ಲ. ನಾನು ಆಮೇಲೆ ಮಾಡಿದ ಸರಿಯಾದ ಟನಲ್ಲಿನ ಅಳತೆ ತೆಗೆದುಕೊಳ್ಳಿ: 140 ಸೆಂಟಿಮೀಟರ್ ಉದ್ದ, 36 ಅಗಲ, ಸೊನ್ನೆಯಿಂದ 15ಕ್ಕೆ ಏರುವ ಆಳ. ಬೆಣೆಯ ಆಕಾರವಾದ್ದರಿಂದ ಅರ್ಧ ಮಾಡಬೇಕು. ಸುಮಾರು 38 ಲೀಟರ್ ಬರುತ್ತದೆ, ಎಂದರೆ 38 ಕಿಲೋ ಹೊರುವ ಶಕ್ತಿ ಹೋಯಿತು. ಅದೂ ಎಲ್ಲಿ? ಎಂಜಿನ್ ನೇತಾಡುವ ಹಿಂತುದಿಯಲ್ಲಿಯೇ. 40 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್ 70 ಕಿಲೋದ ಆಸುಪಾಸು ತೂಗುತ್ತದೆ. ಅಲ್ಲಿಗೆ ಇನ್ನೊಂದು ಅರ್ಧ ಎಂಜಿನ್ನನ್ನು ಕಟ್ಟಿದ ಹಾಗಾಯಿತು. ತಮಾಷೆ ನೋಡಿ, ನನ್ನ ಕೆಟ್ಟ ಟನಲ್ ಗಿಡ್ಡವಾಗಿದ್ದರಿಂದ 16 ಕಿಲೋ ಮಾತ್ರ ಕಳೆದಿತ್ತು. ನೀರಿಗೆ ಒಳ್ಳೆಯ ದಾರಿ ಮಾಡಿದಷ್ಟೂ ದೋಣಿ ಮುಳುಗುತ್ತದೆ.

ಎರಡನೆಯ ಕಾರಣವನ್ನು ತೋರಿಸಲು ಮನೆಯಿಂದ ಒಂದು ಸೌಟು, ಒಂದು ತಂಬಿಗೆ ನೀರು ತಂದಿದ್ದೇನೆ. ಅಮ್ಮಾ, ನೀವು ಈ ಸೌಟಿನ ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದುಕೊಳ್ಳಿ, ನೇತಾಡಲಿ. ನಾನು ತಂಬಿಗೆಯಿಂದ ಸಣ್ಣ ಧಾರೆ ಬಿಡುತ್ತೇನೆ, ಸೌಟಿನ ಉಬ್ಬಿದ ಬೆನ್ನನ್ನು ಧಾರೆಗೆ ಮೆಲ್ಲಗೆ ತಾಗಿಸಿ. ನೀರು ಸೌಟನ್ನು ಆಚೆಗೆ ತಳ್ಳುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ.

(ತಾಗಿಸಿದರು. ಸೌಟು ಧಾರೆಯೊಳಗೆ ಹೋಗಿ ಅಂಟಿಕೊಂಡಿತು. "ಅಯ್ಯೋ, ಎಳೆಯುತ್ತಿದೆ!" ಎಂದರು. ಕೆಳಗಿಟ್ಟ ಬೋಗುಣಿಯ ಹೊರಗೆ ಚೆಲ್ಲಿದ ನೀರೇ ಹೆಚ್ಚು. ಮನೆಯಲ್ಲಿ ನಲ್ಲಿಯ ಕೆಳಗೆ ಮಾಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.)

ಬಾಗಿದ ಮೈಯನ್ನು ಹಿಡಿದು ನೀರು ತಿರುಗುವಾಗ ಆ ಮೈಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಟನಲ್ಲಿನ ಮುಂದಿನ ಬಾಯಿಯ ಬಳಿ ತಳ ಮೇಲಕ್ಕೆ ಬಾಗುವುದೂ ಸೌಟಿನ ಬೆನ್ನಿನ ಹಾಗೆಯೇ. ಆ ಬಾಗನ್ನು ಹಿಡಿದು ಮೇಲಕ್ಕೆ ತಿರುಗುವ ನೀರು ದೋಣಿಯ ಹಿಂಭಾಗವನ್ನು ಕೆಳಕ್ಕೆ ಜಗ್ಗುತ್ತದೆ. ಬಾಗು ಚೂಪಾದಷ್ಟೂ ಜಗ್ಗಾಟ ಹೆಚ್ಚು. ಯಾರೋ ಕಂಪನಿಯವರಿಗೂ ಸುರಂಗದ ಹಿಂತುದಿ ತಲೆನೋವಾಗಿತ್ತು. ನಿಂತಾಗ ಸುರಂಗದ ಬಾಯಿ ನೀರಿನೊಳಗಿದ್ದು ಗಾಳಿ ಬರಬಾರದು, ಓಡುವಾಗ ಅದೇ ಬಾಯಿ ನೀರಿಗೆ ಅಡ್ಡಬರಬಾರದು. ಅದಕ್ಕಾಗಿ ಅಲ್ಲಿ ಕೀಲಿನ ಮೇಲೆ ಆಡುವ ಒಂದು ಕದವನ್ನೇ ಕೂರಿಸಿದ್ದರು.

ಇನ್ನು ದುರಸ್ತಿಯ ಕಥೆ. ಪಾತ್ರಾಂವ್ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಹಣ ಕೇಳಬೇಡಿ, ಸರಿಮಾಡಿ ಕೊಡಿ" ಎಂದು ಫೆರಿ ಹತ್ತಿ ಹೋದರು.

ಮೊದಲು ಮಾಡಿದ್ದು ಟನಲ್ಲಿನ ಕೆಲಸವೇ ಅಲ್ಲ. ರದ್ದಿ ಅಂಗಡಿಯಿಂದ ತೂಕದ ಕೊಂಡಿಯೊಂದನ್ನು ತಂದು ದೋಣಿಯಲ್ಲಿದ್ದ ಒಂದೊಂದು ವಸ್ತುವನ್ನೂ ತೂಗಿದೆವು. ನೀರು ಕುಡಿದ ಹಳೆಯ ಪ್ಲೈವುಡ್ ಹಲಗೆಗಳು, ಎರಡನೆಯ ಲಂಗರು, ಯಾವ ಕಾಲದ್ದೋ ಹಗ್ಗದ ರಾಶಿ, ಮರಳು ತುಂಬಿದ ಒಂದು ಚೀಲ. ಮರಳು ಏಕೆ ಎಂದು ಕೇಳಿದರೆ, "ಮುಂದೆ ಭಾರ ಬೇಕಲ್ಲ, ಹಿಂದೆ ಇಳಿಯುತ್ತದೆ" ಎಂದರಂತೆ ಹಿಂದಿನ ಯಾರೋ. ಎಲ್ಲ ಸೇರಿ 90 ಕಿಲೋ ದಡಕ್ಕೆ ಬಂತು. ಆ ದೋಣಿ ನೀರು ಮುಟ್ಟುವ ವಿಸ್ತಾರ ಸುಮಾರು ಆರೂವರೆ ಚದರ ಮೀಟರ್. ಎಂದರೆ ಪ್ರತಿ 65 ಕಿಲೋಗೆ ಅದು ಒಂದು ಸೆಂಟಿಮೀಟರ್ ಇಳಿಯುತ್ತದೆ. ಒಬ್ಬ ಸಾಮಾನ್ಯ ಮನುಷ್ಯನಿಗೆ ಒಂದು ಸೆಂಟಿಮೀಟರ್ ಎಂದು ನೆನಪಿಟ್ಟುಕೊಳ್ಳಿ. ನಮ್ಮ ತುಂಗಭದ್ರೆಯ ಹರಿಗೋಲು ಮೊಣಕಾಲು ನೀರಿನಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಹೋಗುವ ಗುಟ್ಟೂ ಇಷ್ಟೇ: ಮೈಭಾರ ಕಡಿಮೆ, ತಳ ಅಗಲ. ಎರಡೂವರೆ ಮೀಟರ್ ಅಡ್ಡಳತೆಯ ಹರಿಗೋಲಿಗೆ ಒಂದು ಸೆಂಟಿಮೀಟರಿಗೆ 49 ಕಿಲೋ. ಅದರಡಿ ಇಳಿಬಿದ್ದ ಕಾಲೂ ಇಲ್ಲ, ಫ್ಯಾನೂ ಇಲ್ಲ.

ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕು ಹಿಂತುದಿಯಲ್ಲಿದ್ದವು. ಎರಡನ್ನೂ ನಡುವಿನ ಆಸನದ ಕೆಳಗೆ ತಂದೆವು. ಖರ್ಚು, ಒಂದಿಷ್ಟು ತಾಮ್ರದ ತಂತಿ ಮತ್ತು ಪೆಟ್ರೋಲ್ ಪೈಪು. ನನ್ನನ್ನು ಕೇಳಿದರೆ ಈ ಇಡೀ ಪ್ರಸಂಗದಲ್ಲಿ ಹಣಕ್ಕೆ ತಕ್ಕ ಫಲ ಕೊಟ್ಟದ್ದು ಇದೊಂದೇ.

ಆಮೇಲೆ ತಳ. ಟಾರ್ಪಾಲಿನ ಕೆಳಗೆ ದೋಣಿಯನ್ನು ಕವುಚಿ ಹಾಕಿ, ಗಿಡ್ಡ ಟನಲ್ಲನ್ನು ಪೂರ್ತಿ ಕತ್ತರಿಸಿ ತೆಗೆದೆವು. ಫೈಬರ್ ಧೂಳು ಎಂದರೆ ಏನೆಂದು ಆ ಕೆಲಸದವರಿಗೇ ಗೊತ್ತು, ಮೈಗೆಲ್ಲ ಪೌಡರ್ ಬಳಿದುಕೊಂಡು ತೋಳುದ್ದ ಅಂಗಿ ಹಾಕಿದರೂ ರಾತ್ರಿಯಿಡೀ ತುರಿಕೆ. ಕತ್ತರಿಸಿದ ಅಂಚನ್ನು ಹಾಗೆಯೇ ಬಿಟ್ಟು ಮೇಲೆ ಹೊಸ ಫೈಬರ್ ಮ್ಯಾಟ್ ಅಂಟಿಸಬಾರದು. ಅಂಚನ್ನು ಇಳಿಜಾರಾಗಿ ತೇಯಬೇಕು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. ನಮ್ಮ ದೋಣಿಯ ತಳ 6 ಮಿಲಿಮೀಟರ್ ದಪ್ಪ, ಆದ್ದರಿಂದ ಸುತ್ತಲೂ 7 ಸೆಂಟಿಮೀಟರ್ ಇಳಿಜಾರು. ಬೇಸರದ ಕೆಲಸ, ಆದರೆ ಅಲ್ಲಿ ಉಳಿಸಿದ ಗಂಟೆ ನಡುನೀರಿನಲ್ಲಿ ಬಿರುಕಾಗಿ ಬಾಯಿ ಬಿಡುತ್ತದೆ. ಹಳೆಯ ಗಟ್ಟಿಯಾದ ಫೈಬರಿಗೆ ಹೊಸದನ್ನು ಕೂಡಿಸಲು ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ನಿಗಿಂತ ಎಪಾಕ್ಸಿ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಜುಲೈ ತಿಂಗಳಲ್ಲಿ ಗಾಳಿಯೇ ಒದ್ದೆ. ಎರಡು ದಿನ ಹ್ಯಾಲೊಜೆನ್ ದೀಪ ಹಚ್ಚಿ ಒಣಗಿಸಿ, ಮೂರನೆಯ ದಿನ ಮಳೆ ಬಿಟ್ಟ ಹೊತ್ತು ನೋಡಿ ಅಂಟಿಸಿದೆವು. ತಳದ ನಡುವೆ ಬೆನ್ನೆಲುಬಿನಂತಿದ್ದ ಮರವನ್ನು ನಾವೇ ಕತ್ತರಿಸಿದ್ದೆವಲ್ಲ, ಅದರ ಬದಲು ಟನಲ್ಲಿನ ಎಡಬಲಕ್ಕೆ ಹಿಂಗೋಡೆಯವರೆಗೆ ಎರಡು ಹೊಸ ತೊಲೆಗಳನ್ನು ಕೂರಿಸಿದೆವು.

ಹೊಸ ಟನಲ್ 140 ಸೆಂಟಿಮೀಟರ್ ಉದ್ದ. ಒಂಬತ್ತಕ್ಕೆ ಒಂದರ ಏರು, ಸುಮಾರು 6 ಡಿಗ್ರಿ. ಮುಂದಿನ ಬಾಯಿಯಲ್ಲಿ ಅಂಚೇ ಇಲ್ಲದಂತೆ, ಕಣ್ಣು ಮುಚ್ಚಿ ಕೈಯಾಡಿಸಿದರೆ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯದಂತೆ ತಿದ್ದಿದೆವು. ಹುಡುಗ ಮೂರು ಸಲ ಕೈಯಾಡಿಸಿ, "ಇಲ್ಲಿ ಒಂದು ಕೂದಲು ಇದೆ ಅಣ್ಣಾ" ಎಂದ. ಮತ್ತೆ ತೇಯ್ದೆವು.

ಕಳೆದುಕೊಂಡ 38 ಕಿಲೋ ಹೊರುವ ಶಕ್ತಿಗೆ ಬದಲಾಗಿ, ಹಿಂಗೋಡೆಯ ಹೊರಗೆ ಎಂಜಿನ್ನಿನ ಎಡಬಲಕ್ಕೆ ಎರಡು ಮುಚ್ಚಿದ ಫೈಬರ್ ಪೆಟ್ಟಿಗೆಗಳನ್ನು ಕೂಡಿಸಿದೆವು. ಒಂದೊಂದೂ ನೀರಿನಲ್ಲಿ 30 ಲೀಟರಿನಷ್ಟು ಮುಳುಗುತ್ತದೆ. ಇವುಗಳ ತಳ ದೋಣಿಯ ತಳಕ್ಕಿಂತ ಎರಡು ಬೆರಳು ಮೇಲಿರಬೇಕು. ಸಮನಾಗಿಟ್ಟರೆ ಓಡುವಾಗ ಹಿಂಭಾಗವನ್ನು ಅತಿಯಾಗಿ ಎತ್ತಿ ಮೂತಿಯನ್ನು ನೀರಿಗೆ ಒತ್ತುತ್ತವೆ. ಹಿಂಗೋಡೆಯ ಅಂಚಿಗೆ ಟ್ರಿಮ್ ಟ್ಯಾಬ್ ಎಂಬ ಎರಡು ಚಪ್ಪಟೆ ರೆಕ್ಕೆಗಳನ್ನೂ ಹಾಕಿದೆವು, ಏಳುವಾಗ ಕೆಳಗಿಳಿಸಿದರೆ ಹಿಂಭಾಗವನ್ನು ಎತ್ತಿಕೊಡುತ್ತವೆ. ಮೂರು ರೆಕ್ಕೆಯ ಫ್ಯಾನಿನ ಬದಲು ನಾಲ್ಕು ರೆಕ್ಕೆಯದು ಬಂತು, ರೆಕ್ಕೆಗಳ ಅಂಚು ಬಟ್ಟಲಿನಂತೆ ತುಸು ಮಡಿಚಿರುವಂಥದ್ದು. ಅರೆಬರೆ ಗಾಳಿ ಬೆರೆತ ನೀರನ್ನೂ ಅದು ಬಿಡದೆ ಹಿಡಿಯುತ್ತದೆ. ನೇರ ಓಟದ ಕೊನೆಯ ವೇಗ ಸ್ವಲ್ಪ ಕಡಿಮೆಯಾಯಿತು, ಹಕ್ಕಿ ನೋಡುವವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಎಂಜಿನ್ನನ್ನು ಜ್ಯಾಕ್ ಪ್ಲೇಟಿನ ಮೇಲೆ ಕೂರಿಸಿದೆವು, ಎಂಜಿನ್ನನ್ನು ಹಿಂಗೋಡೆಯಿಂದ ತುಸು ಹಿಂದೆ ಹಿಡಿದು ಮೇಲೆ ಕೆಳಗೆ ಸರಿಸುವ ಚೌಕಟ್ಟು ಅದು. ಅದರಿಂದ ನೀರು ಹೆಚ್ಚಿದ್ದಾಗ ಎಂಜಿನ್ ಇಳಿಸಿಕೊಳ್ಳಬಹುದು, ಕಡಿಮೆಯಾದಾಗ ಎತ್ತಿಕೊಳ್ಳಬಹುದು.

ತಳ ಕೊರೆಯದೆ ಬರೀ ಜ್ಯಾಕ್ ಪ್ಲೇಟಿನಲ್ಲೇ ಮುಗಿಸಬಹುದೇ ಎಂದು ನಡುವೆ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಓಡುವ ದೋಣಿಯ ಹಿಂಗೋಡೆ ದಾಟಿದ ನೀರು ತಾನಾಗಿಯೇ ಮೇಲೇರುತ್ತದೆ. ಎಂಜಿನ್ನನ್ನು 30 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಅಂದಾಜು 3 ಸೆಂಟಿಮೀಟರ್ ಎತ್ತಬಹುದು ಎಂಬುದು ಕಸುಬಿನವರ ಲೆಕ್ಕ. ಮೂರು ನಾಲ್ಕು ಸೆಂಟಿಮೀಟರ್ ಸಾಕೆನ್ನುವವರು ತಳ ಕೊರೆಯಲು ಗ್ರೈಂಡರ್ ಮುಟ್ಟಲೇಬೇಡಿ. ಭಾರ ಹಿಂದಕ್ಕೆ ಹೋಯಿತು ಎಂಬುದನ್ನು ಮಾತ್ರ ಮರೆಯಬೇಡಿ.

ಒಂದು ಎಚ್ಚರಿಕೆ, ಇದು ನನಗೆ ನೀರು ಹೀರುವ ಪಂಪಿನ ಒಂದು ರಬ್ಬರ್ ಚಕ್ರದ ಬೆಲೆ ತೆತ್ತು ಬಂದದ್ದು. ಔಟ್‌ಬೋರ್ಡ್ ಎಂಜಿನ್ ತನ್ನ ಕಾಲಿನ ಪಕ್ಕದ ರಂಧ್ರಗಳಿಂದ ನೀರು ಹೀರಿ ಮೈ ತಂಪು ಮಾಡಿಕೊಳ್ಳುತ್ತದೆ. ಎಂಜಿನ್ ಎತ್ತಿದರೆ ಆ ರಂಧ್ರಗಳೂ ಮೇಲೆ ಬರುತ್ತವೆ. ಫ್ಯಾನಿಗೆ ನೀರಿದೆ, ಎಂಜಿನ್ನಿಗೆ ಇಲ್ಲ ಎಂಬ ಸ್ಥಿತಿ. ಹಿಂದಿನಿಂದ ಸಣ್ಣ ಧಾರೆಯೊಂದು ಹೊರಬೀಳುತ್ತಿರುತ್ತದಲ್ಲ, ನಮ್ಮ ಹುಡುಗರು ಅದಕ್ಕೆ ಏನು ಹೆಸರಿಟ್ಟಿದ್ದಾರೆ ಎಂದು ಸಭೆಯಲ್ಲಿ ಹೇಳುವುದಿಲ್ಲ. ಆ ಧಾರೆ ಸೊರಗಿದರೆ ಕೂಡಲೇ ಇಳಿಸಿ. ಕಾಲಿನ ಮೂತಿಯಲ್ಲಿ, ಇನ್ನೂ ಕೆಳಗೆ, ರಂಧ್ರವಿರುವ ಕಾಲುಗಳು ಸಿಗುತ್ತವೆ. ಇಲ್ಲವಾದರೆ ನೀರಿನ ಒತ್ತಡ ತೋರಿಸುವ ಮೀಟರನ್ನಾದರೂ ಕಣ್ಣೆದುರು ಹಾಕಿಕೊಳ್ಳಿ. ನಾನು ಸೊರಗಿದ ಧಾರೆಯನ್ನು ನೋಡಿಯೂ ಇನ್ನೊಂದು ಸುತ್ತು ಓಡಿಸಿದ್ದೆ.

ಎರಡನೆಯ ಸಲ ನೀರಿಗಿಳಿದದ್ದು ಆಗಸ್ಟಿನಲ್ಲಿ. ದೋಣಿ ಎದ್ದಿತು, ಓಡಿತು, ಎಂಜಿನ್ ಕಿರುಚಲಿಲ್ಲ. ಅಳೆದೆವು. ಓಡುವಾಗ ದೋಣಿಯ ತಳ ನೀರಿನಲ್ಲಿ ಮುಳುಗುವುದು 9 ಸೆಂಟಿಮೀಟರ್. ಮೊದಲು ಅದರ ಕೆಳಗೆ ಎಂಜಿನ್ನಿನ ಕಾಲು 38 ಇಳಿಬಿದ್ದಿತ್ತು, ಈಗ 23. ಕೆಸರಿನ ಏರುಪೇರಿಗೆ ಒಂದಿಷ್ಟು ಸೇರಿಸಿ ಮೊದಲು 55 ಎಂದಿದ್ದ ಓಡುವ ನೀರನ್ನು 40 ಎಂದು ಬರೆದುಕೊಂಡೆವು. ಹಳದಿ ಪಟ್ಟಿ. ನಿಲ್ಲುವ ನೀರು 25 ಇದ್ದದ್ದು 25ರಲ್ಲೇ ಉಳಿಯಿತು. ಅಷ್ಟೆಲ್ಲ ಪೆಟ್ಟಿಗೆ ಕಟ್ಟಿ, ಸಾಮಾನು ಇಳಿಸಿ, ಇದ್ದಲ್ಲಿಯೇ ಉಳಿಸಿಕೊಂಡೆವು ಎನ್ನಬೇಕು. ಏಳುವ ನೀರು 85 ಇದ್ದದ್ದು 70.

ಈ ಕೆಂಪು ಪಟ್ಟಿಯ ಬಗ್ಗೆ ಸ್ವಲ್ಪ ನಿಧಾನಿಸುತ್ತೇನೆ, ಜನ ಸಿಕ್ಕಿಬೀಳುವುದು ಇಲ್ಲಿಯೇ. ಆಳವಿಲ್ಲದ ನೀರಿನಲ್ಲಿ ಅಲೆಗೂ ಒಂದು ವೇಗದ ಮಿತಿ ಇದೆ. ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ, ಸೆಕೆಂಡಿಗೆ ಎಷ್ಟು ಮೀಟರ್ ಎಂದು ಸಿಗುತ್ತದೆ. ಅರ್ಧ ಮೀಟರ್ ನೀರಿನಲ್ಲಿ ಗಂಟೆಗೆ 8 ಕಿಲೋಮೀಟರ್, ಒಂದು ಮೀಟರಿನಲ್ಲಿ 11. ದೋಣಿ ಈ ವೇಗಕ್ಕೆ ಹತ್ತಿರ ಬಂದಾಗ ತಾನೇ ಎಬ್ಬಿಸಿದ ಅಲೆ ತನ್ನಿಂದ ಮುಂದೆ ಹೋಗಲಾರದೆ ಎದುರು ಗುಡ್ಡೆಯಾಗಿ ನಿಲ್ಲುತ್ತದೆ. ಮೂತಿ ಆ ಗುಡ್ಡೆ ಹತ್ತುತ್ತದೆ, ಹಿಂಭಾಗ ಕುಸಿಯುತ್ತದೆ. ಜೊತೆಗೆ ತಳಕ್ಕೂ ಕೆಸರಿಗೂ ನಡುವಿನ ಇಕ್ಕಟ್ಟಿನಲ್ಲಿ ನೀರು ರಭಸವಾಗಿ ಹರಿದು ಒತ್ತಡ ಇಳಿಯುತ್ತದೆ. ಮತ್ತೆ ಆ ಸೌಟಿನ ಎಳೆತ, ಈ ಸಲ ಇಡೀ ದೋಣಿಗೆ. ಗುಡ್ಡೆಯನ್ನು ದಾಟಿದರೆ ಆಮೇಲೆ ಹಗುರ. ದಾಟುವ ಆ ಕೆಲವು ಕ್ಷಣ ಎಂಜಿನ್ನಿನ ಕಾಲು ಅತಿ ಕೆಳಗೆ ಇರುತ್ತದೆ.

ಆದ್ದರಿಂದ ಆಳದಲ್ಲಿ ಎದ್ದು, ಆಮೇಲೆ ತೆಳ್ಳನೆಯ ನೀರಿಗೆ ಹೋಗಬೇಕು. ಹೋದ ಮೇಲೆ ನಿಲ್ಲಬಾರದು. 40 ಸೆಂಟಿಮೀಟರ್ ನೀರಿನಲ್ಲಿ ಚೆಂದದ ಹಕ್ಕಿಯೊಂದು ಕಂಡಿತೆಂದು ಎಂಜಿನ್ನಿನ ವೇಗ ಇಳಿಸಿದಿರೋ, ಹಿಂದಿನ ಅಲೆ ಬಂದು ದೋಣಿಯನ್ನು ಎತ್ತಿ ಕೆಸರಿನ ಮೇಲೆ ಕೂರಿಸಿ ಮುಂದೆ ಹೋಗುತ್ತದೆ. ಅಲ್ಲಿಂದ ಮತ್ತೆ ಎದ್ದೇಳಲು ನಿಮಗೆ 70 ಬೇಕು. ಇಲ್ಲವಾದರೆ ಈ ಗಳ ಹಾಕಿ ನೂಕಬೇಕು, ಇಲ್ಲವೇ ಉಬ್ಬರಕ್ಕೆ ಕಾಯಬೇಕು. ಪಾತ್ರಾಂವ್ ಒಮ್ಮೆ ನಾಲ್ವರು ಕ್ಯಾಮೆರಾದವರೊಡನೆ ಮೂರು ಗಂಟೆ ಕಾದಿದ್ದಾರೆ. ಹಕ್ಕಿ ಆಗಲೇ ಹಾರಿಹೋಗಿತ್ತಂತೆ.

ಇನ್ನು ಉಳಿದ ದೋಷಗಳು. ಟನಲ್ ದೋಣಿ ತಿರುವಿನಲ್ಲಿ ಜಾರುತ್ತದೆ. ಹಿಂದಕ್ಕೆ ಓಡಿಸಿದರೆ ಫ್ಯಾನಿನ ನೀರು ಟನಲ್ಲಿನೊಳಗೇ ಹೊಡೆಯುವುದರಿಂದ ದೋಣಿ ಮಾತು ಕೇಳುವುದಿಲ್ಲ. ದಕ್ಕೆಗೆ ಹಚ್ಚುವಾಗ ಇದು ಅನುಭವಕ್ಕೆ ಬರುತ್ತದೆ, ಸಾಮಾನ್ಯವಾಗಿ ನೋಡುವವರು ಹೆಚ್ಚಿರುವಾಗ. ನೋಂದಣಿಯಾದ ದೋಣಿಯಾದರೆ ತಳಕ್ಕೆ ಕೈ ಹಚ್ಚುವ ಮುನ್ನ ನೋಂದಣಿ ಕಚೇರಿಗೆ ತಿಳಿಸಿ, ಜನರನ್ನು ಕೂರಿಸುವ ದೋಣಿಯಾದರೆ ಇನ್ನೂ ಮುಖ್ಯ.

ಇಷ್ಟೆಲ್ಲ ಮಾಡಿ ಗಳಿಸಿದ್ದು 15 ಸೆಂಟಿಮೀಟರ್. ಒಂದು ಗೇಣಿಗೂ ಕಡಿಮೆ. ಇದು ಹೆಚ್ಚೋ ಕಡಿಮೆಯೋ? ಉತ್ತರ ದೋಣಿಯಲ್ಲಿಲ್ಲ, ಚಂದ್ರನಲ್ಲಿದೆ. ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ಇಲ್ಲಿ ನೀರು ಎರಡು ಮೀಟರಿನಷ್ಟು ಏರಿಳಿಯುತ್ತದೆ. ಆರು ಗಂಟೆಯ ಇಳಿತದಲ್ಲಿ ಮೊದಲ ಮತ್ತು ಕೊನೆಯ ಗಂಟೆ ನೀರು ಹನ್ನೆರಡನೆಯ ಒಂದು ಪಾಲಿನಷ್ಟು, 17 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ನಡುವಿನ ಎರಡು ಗಂಟೆಗಳಲ್ಲಿ ಗಂಟೆಗೆ ಅದರ ಮೂರು ಪಟ್ಟು, 50 ಸೆಂಟಿಮೀಟರ್. ಇದು ನಾವಿಕರ ಕೈಬೆರಳಿನ ಲೆಕ್ಕ, ಗೋವಾದ ಉಬ್ಬರಗಳು ಒಂದರಂತೆ ಒಂದು ಇರುವುದಿಲ್ಲ, ಆದರೂ ಅಂದಾಜಿಗೆ ಸಾಕು. ನಿಮ್ಮನ್ನು ತಡೆಯುವ ಮರಳುದಿಬ್ಬ ಇಳಿತದ ನಡುಮಟ್ಟದಲ್ಲಿದ್ದರೆ 15 ಸೆಂಟಿಮೀಟರಿನಿಂದ ನೀವು ಗಳಿಸುವುದು 18 ನಿಮಿಷ. 18 ನಿಮಿಷಕ್ಕಾಗಿ ತಳ ಕೊರೆಯುವವನು ಉಬ್ಬರದ ಪಟ್ಟಿ ಓದಲು ಕಲಿಯುವುದು ಅಗ್ಗ. ದಿಬ್ಬ ಇಳಿತದ ತಳಮಟ್ಟದ ಬಳಿಯಿದ್ದರೆ ಅದೇ 15 ಸೆಂಟಿಮೀಟರ್ ಇಳಿಯುವಾಗ ಒಂದು ಗಂಟೆ, ಏರುವಾಗ ಒಂದು ಗಂಟೆ ಕೊಡುತ್ತದೆ. ಪಾತ್ರಾಂವ್ ಅವರ ಕವಲಿನ ಬಾಯಿ ಅಂಥದ್ದು. ಅವರ ಅದೃಷ್ಟ, ಮತ್ತು ನನ್ನದೂ. ಆ ಲೆಕ್ಕವನ್ನು ನಾನು ಮಾಡಿದ್ದು ಕೊರೆದ ಮೇಲೆ.

ಕೊನೆಗೆ ಚರ್ಚೆಯಲ್ಲಿ ಬಂದ ಎರಡು ಮಾತು. ಹಡಗುಕಟ್ಟೆಯಲ್ಲಿ ದುಡಿಯುವ ತರುಣರೊಬ್ಬರು ಫ್ಯಾನನ್ನೇ ತೆಗೆದು, ನೀರು ಹೀರಿ ಹಿಂದಕ್ಕೆ ಚಿಮ್ಮುವ ವಾಟರ್ ಜೆಟ್ ಹಾಕಬಾರದೇ ಎಂದರು. ಹಾಕಬಹುದು. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ದೋಣಿಯನ್ನು ಹದಕ್ಕೆ ತಂದದ್ದೇ ಅಲ್ಲಿನ ಕಲ್ಲುಹಾಸಿನ ತೆಳ್ಳನೆಯ ನದಿಗಳಿಗಾಗಿ. ಆದರೆ ಅಲ್ಲಿ ಕಲ್ಲು, ಇಲ್ಲಿ ಕೆಸರು, ಎಲೆ, ಪ್ಲಾಸ್ಟಿಕ್ ಚೀಲ. ಜೆಟ್ ಇವೆಲ್ಲವನ್ನೂ ಹೀರುತ್ತದೆ. ಔಟ್‌ಬೋರ್ಡಿಗೆ ಜೆಟ್ ಕಾಲು ಹಾಕಿದರೆ ಶಕ್ತಿಯೂ ಮೂರರಲ್ಲಿ ಒಂದು ಪಾಲಿನಷ್ಟು ಹೋಗುತ್ತದೆ.

ಇನ್ನೊಂದು ಮಾತು ಬಾಗಿಲ ಬಳಿಯ ಅಜ್ಜಿಯದು. ಅಂಕೋಲೆಯ ಕಡೆಯವರು, ಚಿಕ್ಕಂದಿನಲ್ಲಿ ಇಳಿತದ ನೀರಿಗಿಳಿದು ಬೆಳಚು, ಎಂದರೆ ಚಿಪ್ಪಿಮೀನು, ಹೆಕ್ಕಿದವರು. "ಅಲ್ಲ ತಮ್ಮಾ, ನೀನು ಓಡಿಸುವ ಆ ನೀರಿನಲ್ಲಿ ನಾವು ಕೂತಿರುತ್ತೇವಲ್ಲ" ಎಂದರು. ಇಲ್ಲಿಯೂ ಹೆಂಗಸರು ಇಳಿತದಲ್ಲಿ ತಿಸ್ರ್ಯೊ ಎಂಬ ಚಿಪ್ಪಿಮೀನು ಹೆಕ್ಕಲು ನೀರಿಗಿಳಿಯುತ್ತಾರೆ, ಕುಕ್ಕರುಗಾಲಲ್ಲಿ ಕುಳಿತರೆ ದೂರದಿಂದ ತಲೆ ಮಾತ್ರ ಕಾಣುತ್ತದೆ. ದೋಣಿಗೆ ಮೊದಲು ಹೋಗಲಾಗದಿದ್ದ ಜಾಗವದು, ಆದ್ದರಿಂದ ಅವರು ತಿರುಗಿ ನೋಡುವ ಅಭ್ಯಾಸವನ್ನೇ ಮಾಡಿಕೊಂಡಿಲ್ಲ. ಅಜ್ಜಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಗಳ ವಾಪಸು ಕೊಡುವಾಗ ಪಾತ್ರಾಂವ್ ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ನೀರು ನೋಡಿ, ಅಂಥ ಕಡೆ ಎಂಜಿನ್ ಎತ್ತಿ ಗಳ ಹಾಕಿಯೇ ಹೋಗುತ್ತೇನೆ ಎಂದರು. ಆಮೇಲೆ ಗಳವನ್ನು ತಿರುಗಿಸಿ ನೋಡಿ, "ಬಿಳಿ ಪಟ್ಟಿ ಅಳಿಸಿಹೋಗುತ್ತಿದೆ ಮೇಸ್ತ್ರಿ, ಬಣ್ಣದ ಡಬ್ಬಿ ತಂದಿದ್ದೀರಾ?" ಎಂದು ಕೇಳಿದರು. ತಂದಿರಲಿಲ್ಲ.